ಬೆಣ್ಣೆ ಪೇಟೆಗೆ, ಮಜ್ಜಿಗೆ ಮನೆಗೆ: ಕೋಡ ಸೀಮೆಯ ಪಾನೀಯವೊಂದರ ಇತಿಹಾಸ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನ ಹಂಸಭಾವಿಯೂ ಅದರ ಸುತ್ತಣ ಹಳ್ಳಿಗಳೂ ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅರೆಮಲೆನಾಡಿನ ನೆಲದಲ್ಲಿವೆ. ಬ್ರಿಟಿಷರ ಕಾಲದಲ್ಲಿ ಕೋಡ ತಾಲೂಕೆಂಬ ಹೆಸರಿನಿಂದ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಧಾರವಾಡ ಜಿಲ್ಲೆ ವಿಭಜನೆಯಾದಾಗ ಹಾವೇರಿ ಜಿಲ್ಲೆಯ ಭಾಗವಾಯಿತು. ವಾಯವ್ಯಕ್ಕೆ ಹಾನಗಲ್ಲಿನ ಭತ್ತದ ಗದ್ದೆಗಳು, ಪೂರ್ವಕ್ಕೆ ತುಂಗಭದ್ರೆಯ ದಂಡೆ, ನಡುವೆ ಕುಮುದ್ವತಿಯನ್ನೂ ಮಾಸೂರಿನ ಮದಗದ ಕೆರೆಯಂತಹ ಜಲಾಶಯಗಳನ್ನೂ ನಂಬಿದ ಬೇಸಾಯ, ಅದರ ಜೊತೆಗೆ ಮನೆಮನೆಯ ದನಕರು ಮತ್ತು ಎಮ್ಮೆ: ಈ ಸೀಮೆಯ ಬದುಕು ಬಹುಕಾಲ ಹೀಗೆಯೇ ಸಾಗಿಬಂದಿತು.

ಈ ಬದುಕಿನ ಊಟದಲ್ಲಿ ಉಪ್ಪು ಬೆರೆಸಿದ ಮಜ್ಜಿಗೆಗೆ ಇದ್ದ ಸ್ಥಾನವನ್ನು ಇತ್ತೀಚಿನ ಆರೋಗ್ಯ ಸಾಹಿತ್ಯವು ಬಹುಮಟ್ಟಿಗೆ ಪಾನೀಯದ ಗುಣವಾಗಿಯೇ ನೋಡುತ್ತದೆ: ಅದು ತಂಪು, ಜೀರ್ಣಕಾರಿ, ಸುಣ್ಣಾಂಶವುಳ್ಳದ್ದು, ದಣಿವಾರಿಸುವಂಥದ್ದು. ಈ ಮಾತುಗಳಲ್ಲಿ ಹುರುಳಿದೆ. ಆದರೆ ಮಜ್ಜಿಗೆ ಮೂಲತಃ ಯಾರೂ ಉದ್ದೇಶಪೂರ್ವಕವಾಗಿ ತಯಾರಿಸಿದ ಪಾನೀಯವಾಗಿರಲಿಲ್ಲ. ಬೆಣ್ಣೆಗಾಗಿ ಮೊಸರನ್ನು ಕಡೆದಾಗ ಗಡಿಗೆಯಲ್ಲಿ ಉಳಿಯುತ್ತಿದ್ದ ಶೇಷವೇ ಅದು. ಬೆಣ್ಣೆಗೆ ಬೆಲೆಯಿತ್ತು, ಮಜ್ಜಿಗೆಗೆ ಇರಲಿಲ್ಲ. ಹಾಗೆ ಬೆಲೆಯಿಲ್ಲದ ಕಾರಣಕ್ಕೇ ಅದು ಮನೆಯಲ್ಲಿ ಉಳಿಯಿತು, ನೆರೆಹೊರೆಗೆ ಹಂಚಿಕೆಯಾಯಿತು, ಹಣವಿಲ್ಲದವರ ಬಟ್ಟಲನ್ನೂ ತಲುಪಿತು. ಆದ್ದರಿಂದ ಅದರ ಆರೋಗ್ಯಗುಣದ ಚರಿತ್ರೆಯನ್ನು ಹಾಲಿನ ಯಾವ ಅಂಶ ಯಾವ ಕಾಲದಲ್ಲಿ ಮಾರಾಟದ ವಸ್ತುವಾಯಿತು ಎಂಬ ಚರಿತ್ರೆಯ ಜೊತೆಯಲ್ಲಿಟ್ಟು ಓದಬೇಕಾಗುತ್ತದೆ.

ದನದ ನೆಲ

ಈ ಸೀಮೆಯಲ್ಲಿ ದನಸಾಕಣೆಯ ಪುರಾವೆ ಬಹು ಹಿಂದಕ್ಕೆ ಹೋಗುತ್ತದೆ. ತುಂಗಭದ್ರೆಯ ದಂಡೆಯಲ್ಲಿರುವ, ಹಿಂದೆ ಹಿರೇಕೆರೂರು ತಾಲೂಕಿಗೆ ಸೇರಿದ್ದ ಹಳ್ಳೂರಿನಲ್ಲಿ ಪುರಾತತ್ತ್ವಜ್ಞ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನವು ನವಶಿಲಾಯುಗದಿಂದ, ಅಂದರೆ ಉಜ್ಜಿ ನಯಗೊಳಿಸಿದ ಕಲ್ಲಿನ ಆಯುಧಗಳ ಕಾಲದಿಂದ, ಕಬ್ಬಿಣದ ಯುಗದವರೆಗಿನ ಜನವಸತಿಯ ಪದರಗಳನ್ನು ಬೆಳಕಿಗೆ ತಂದಿತು. ಅಲ್ಲಿ ದೊರೆತ ಪ್ರಾಣಿಗಳ ಎಲುಬುಗಳನ್ನು ಪಶುವೈದ್ಯ ವಿದ್ವಾಂಸ ಕೆ. ಆರ್. ಆಲೂರ ಅವರು ಪರಿಶೀಲಿಸಿದರು. ಕುದುರೆಯ ಎಲುಬುಗಳ ಬಗ್ಗೆ ವಿದ್ವಾಂಸರಲ್ಲಿ ನಡೆದ ವಾದವಿವಾದದಿಂದ ಹಳ್ಳೂರು ಹೆಸರಾಯಿತಾದರೂ, ಅಲ್ಲಿನ ಜನರ ನಿತ್ಯದ ಬದುಕು ನಿಂತಿದ್ದುದು ದನಗಳ ಮೇಲೆ. ಇದೇ ಸಂಸ್ಕೃತಿಗೆ ಸೇರಿದ, ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳು ದನದ ದೊಡ್ಡಿಗಳಲ್ಲಿ ಸೇರಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಬೆಳೆದವೆಂದು ರೇಮಂಡ್ ಆಲ್ಚಿನ್ 1963ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಮಧ್ಯಯುಗಕ್ಕೆ ಬಂದರೆ ಸಾಕ್ಷ್ಯ ಕಲ್ಲಿನ ಮೇಲೆಯೇ ಸಿಗುತ್ತದೆ. ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಆಳಿದ ಪಾನುಂಗಲ್ಲು ಐನೂರು ಮತ್ತು ಬನವಾಸಿ ಹನ್ನೆರಡು ಸಾಸಿರದ ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುವ ವೀರಗಲ್ಲುಗಳಲ್ಲಿ ಗಣನೀಯ ಸಂಖ್ಯೆಯವು ತುರುಗೊಳ್‌ನಲ್ಲಿ, ಅಂದರೆ ಊರ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆಯುವ ಕಾಳಗದಲ್ಲಿ, ಮಡಿದವರ ನೆನಪಿಗೆ ನಿಂತಂಥವು. ಪ್ರಾಣ ಕೊಟ್ಟು ಕಾಯಬೇಕಾದಷ್ಟು ದೊಡ್ಡ ಸಂಪತ್ತು ದನವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಆ ಸಂಪತ್ತಿನಿಂದ ಬರುತ್ತಿದ್ದ ತುಪ್ಪವು ದೇವಾಲಯದ ನೈವೇದ್ಯಕ್ಕೂ ದೀಪಕ್ಕೂ ಶ್ರೀಮಂತರ ಅಡುಗೆಗೂ ಸಲ್ಲುತ್ತಿತ್ತು. ಶಾಸನಗಳಲ್ಲಿ ಮತ್ತೊಂದು ಬಗೆಯ ದತ್ತಿಯೂ ಬರುತ್ತದೆ: ದಾರಿಹೋಕರಿಗೆ ಬಾಯಾರಿಕೆ ತಣಿಸಲು ಕಟ್ಟಿಸಿದ ಅರವಂಟಿಗೆಗೆ ಬಿಟ್ಟ ಭೂಮಿ. ಇಂದು ಅರವಟಿಗೆ ಎನಿಸಿಕೊಂಡಿರುವ ಈ ವ್ಯವಸ್ಥೆಯು ಬೇಸಿಗೆಯ ಜಾತ್ರೆಗಳಲ್ಲಿ ನೀರಿನೊಂದಿಗೆ ಮಜ್ಜಿಗೆಯನ್ನೂ ಹಂಚುವ ರೂಢಿಯಾಗಿ ಉಳಿದಿದೆ. ರಾಮನವಮಿಯಂದು ಪಾನಕ, ಕೋಸಂಬರಿಗಳ ಜೊತೆಗೆ ನೀರುಮಜ್ಜಿಗೆ ಕೊಡುವ ಪದ್ಧತಿಯೂ ಇದೇ ಜಾಡಿನದು.

ಗ್ರಂಥಗಳ ಮಜ್ಜಿಗೆ, ಹೊಲದ ಮಜ್ಜಿಗೆ

ಕನ್ನಡದಲ್ಲಿ ಅಡುಗೆಯ ಬರವಣಿಗೆ ಬೇಗನೆ ಆರಂಭವಾಯಿತು. 1025ರ ಸುಮಾರಿಗೆ ಚಾವುಂಡರಾಯನು ಬರೆದ ‘ಲೋಕೋಪಕಾರ’ವು ಜ್ಯೋತಿಷ, ಕೃಷಿ, ಪಶುವೈದ್ಯಗಳ ನಡುವೆ ಪಾಕವಿಧಾನಕ್ಕೂ ಸ್ಥಳ ಕೊಟ್ಟಿದೆ; ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಇಡೀ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಇವೆಲ್ಲ ಉಳ್ಳವರ ಅಡುಗೆಮನೆಯ ಗ್ರಂಥಗಳು. ಕೋಡ ಸೀಮೆಯೊಡನೆ ಜನಮನದಲ್ಲಿ ಗಾಢವಾಗಿ ಬೆಸೆದುಕೊಂಡಿರುವ ಸರ್ವಜ್ಞನ ಹೆಸರಿನಲ್ಲಿ ಪ್ರಚಾರದಲ್ಲಿರುವ ಒಂದು ತ್ರಿಪದಿಯಾದರೋ ಊಟಕ್ಕೆ ಮಜ್ಜಿಗೆಯನ್ನೂ ಮನೆಗೆ ಅಜ್ಜಿಯನ್ನೂ ಒಂದೇ ಸಾಲಿನ ಒಳಿತುಗಳೆಂದು ಎಣಿಸುತ್ತದೆ. ಅಬಲೂರು, ಮಾಸೂರುಗಳ ಹೆಸರನ್ನು ಅವನ ಹುಟ್ಟಿನ ಕಥೆಗಳಿಗೆ ಜೋಡಿಸುವ ಈ ಸೀಮೆಯ ಜನಕ್ಕೆ ಮಜ್ಜಿಗೆಯ ಬಗೆಗಿನ ಗ್ರಂಥಪ್ರಮಾಣವೆಂದರೆ ಇದೇ.

ವೈದ್ಯಗ್ರಂಥಗಳ ಮಾತು ಇನ್ನೂ ಸೂಕ್ಷ್ಮವಾದದ್ದು. ಆಯುರ್ವೇದವು ಮಜ್ಜಿಗೆಯನ್ನು ತಕ್ರವೆಂದು ಕರೆದು, ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂಲವ್ಯಾಧಿಗೆ, ವಿಶೇಷವಾಗಿ ವಾತ ಮತ್ತು ಕಫಗಳಿಂದ ಹುಟ್ಟಿದ ಬಗೆಗೆ, ಅದಕ್ಕಿಂತ ಉತ್ತಮ ಔಷಧಿಯಿಲ್ಲವೆಂದು ಹೇಳುತ್ತದೆ. ಆದರೆ ಸುಶ್ರುತಸಂಹಿತೆಯು ಗಾಯಗೊಂಡವರಿಗೆ, ದುರ್ಬಲರಿಗೆ, ತಲೆಸುತ್ತು ಮತ್ತು ಉರಿಯಿಂದ ಬಳಲುವವರಿಗೆ, ರಕ್ತಪಿತ್ತ ಎಂದರೆ ರಕ್ತಸ್ರಾವದ ರೋಗವುಳ್ಳವರಿಗೆ ತಕ್ರವನ್ನು ನಿಷೇಧಿಸುವುದರ ಜೊತೆಗೆ ಬಿಸಿಲುಗಾಲದಲ್ಲಿಯೂ ಅದನ್ನು ಕೊಡಬಾರದೆನ್ನುತ್ತದೆ. ಅದಕ್ಕೆ ತಕ್ಕ ಕಾಲ ಚಳಿಗಾಲವೆಂದು ಅದರ ಮತ. ಚೈತ್ರ, ವೈಶಾಖಗಳ ಬಿಸಿಲಿನಲ್ಲಿ ಹೊಲದಿಂದ ಬಂದವರ ಕೈಗೆ ಮೊದಲು ಮಜ್ಜಿಗೆಯ ಚರಿಗೆಯನ್ನೇ ಕೊಡುವ ಉತ್ತರ ಕರ್ನಾಟಕದ ರೂಢಿಗೆ ಇದು ನೇರವಾಗಿ ವಿರುದ್ಧವಾಗಿ ಕಾಣುತ್ತದೆ.

ಈ ವಿರೋಧಕ್ಕೆ ಸಮಾಧಾನ ಹದಿನಾರನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ದಲ್ಲಿದೆ. ಅವನು ಕಡೆದ ಮೊಸರನ್ನು ನೀರಿನ ಪ್ರಮಾಣ ಮತ್ತು ಕೆನೆಯ ಇರುವಿಕೆಯನ್ನು ಆಧರಿಸಿ ಐದು ಬಗೆಯಾಗಿ ವಿಂಗಡಿಸುತ್ತಾನೆ: ಕೆನೆಸಹಿತವಾಗಿ ನೀರಿಲ್ಲದೆ ಕಡೆದದ್ದು ಘೋಲ, ಕೆನೆಯೂ ನೀರೂ ಇಲ್ಲದ್ದು ಮಥಿತ, ಕಾಲುಭಾಗ ನೀರು ಬೆರೆತದ್ದು ತಕ್ರ, ಅರ್ಧ ನೀರುಳ್ಳದ್ದು ಉದಶ್ವಿತ್, ಸಾರವನ್ನು ತೆಗೆದು ಹೇರಳವಾಗಿ ನೀರು ಬೆರೆಸಿದ ತಿಳಿಯಾದದ್ದು ಛಚ್ಛಿಕಾ. ಈ ಕೊನೆಯ ಬಗೆ ತಂಪಾದದ್ದು, ಹಗುರವಾದದ್ದು, ಪಿತ್ತ, ಆಯಾಸ, ನೀರಡಿಕೆಗಳನ್ನು ಕಳೆಯುವಂಥದ್ದು, ಉಪ್ಪು ಬೆರೆಸಿದರೆ ಜಠರಾಗ್ನಿಯನ್ನು ಉದ್ದೀಪಿಸುವಂಥದ್ದು ಎಂದು ಅವನು ಹೇಳುತ್ತಾನೆ. ಸುಶ್ರುತನು ಬೇಸಿಗೆಗೆ ಬೇಡವೆಂದದ್ದು ಇಷ್ಟು ತೆಳುವಲ್ಲದ ತಕ್ರವನ್ನು. ಕೋಡ ಸೀಮೆಯ ರೈತ ಕುಡಿದದ್ದು ಬೆಣ್ಣೆ ತೆಗೆದು, ನೀರು ಧಾರಾಳವಾಗಿ ಸುರಿದು, ಉಪ್ಪು ಹಾಕಿದ, ಭಾವಮಿಶ್ರನ ಐದನೆಯ ಬಗೆಯನ್ನು. ವೈದ್ಯಗ್ರಂಥವನ್ನು ಓದದ ಮನೆಗಳು ಬಿಸಿಲಿಗೆ ಒಪ್ಪುವ ಬಗೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳವಾಗಿತ್ತು: ಸಾರವಾದ ಬೆಣ್ಣೆ ಮಾರಾಟಕ್ಕೆ ಹೋಗುತ್ತಿತ್ತು, ಉಳಿದದ್ದನ್ನು ಮನೆಯ ಎಲ್ಲರಿಗೂ ಸಾಕಾಗುವಷ್ಟು ಹಿಗ್ಗಿಸಬೇಕಾಗಿತ್ತು.

ಗಡಿಗೆಯೊಳಗಿನ ಕೆಲಸ

ಮಜ್ಜಿಗೆ ತಯಾರಾಗುತ್ತಿದ್ದ ಕ್ರಮವನ್ನು ವಿವರವಾಗಿ ಗಮನಿಸಿದರೆ ಅದರ ಪ್ರತಿಯೊಂದು ಹಂತಕ್ಕೂ ಆರೋಗ್ಯದ ದೃಷ್ಟಿಯಿಂದ ಒಂದು ಅರ್ಥವಿರುವುದು ಗೊತ್ತಾಗುತ್ತದೆ. ಕರೆದ ಹಾಲನ್ನು ಹಸಿಯಾಗಿ ಹೆಪ್ಪು ಹಾಕುತ್ತಿರಲಿಲ್ಲ. ಮಣ್ಣಿನ ಗಡಿಗೆಯಲ್ಲಿ ತುಂಬಿ, ಜ್ವಾಲೆಯೇಳದೆ ಗಂಟೆಗಟ್ಟಲೆ ಕನಲುವ ಕುಳ್ಳಿನ, ಅಂದರೆ ಸಗಣಿಯ ಬೆರಣಿಯ, ಕೆಂಡದ ಮೇಲೆ ಅದನ್ನು ಕಾಸಲಾಗುತ್ತಿತ್ತು. ಮೈಸೂರು ಸೀಮೆಯಲ್ಲಿ 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿನ ಜನ ಹಾಲನ್ನು ಬಹಳ ಹೊತ್ತು ಕಾಸಿ, ಹೆಪ್ಪು ಹಾಕಿ, ಸೀಳಿದ ಬಿದಿರಿನ ಕಡೆಗೋಲಿನಿಂದ ಮೊಸರು ಕಡೆಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಈ ಕಾಸುವಿಕೆಯು ಹಸಿ ಹಾಲಿನ ಮೂಲಕ ಹರಡುವ ಕ್ಷಯ, ಬ್ರುಸೆಲ್ಲೋಸಿಸ್‌ನಂತಹ ಜಾನುವಾರುಜನ್ಯ ರೋಗಗಳ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಿತ್ತು.

ಕಾಸಿದ ಹಾಲು ಉಗುರುಬೆಚ್ಚಗೆ ಆರಿದ ಮೇಲೆ ಹಿಂದಿನ ದಿನದ ಮಜ್ಜಿಗೆಯನ್ನೋ ಮೊಸರನ್ನೋ ತುಸು ಬೆರೆಸಿ ಹೆಪ್ಪು ಹಾಕಲಾಗುತ್ತಿತ್ತು. ಆ ಹೆಪ್ಪಿನಲ್ಲಿದ್ದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನ ಒಂದು ಪಾಲನ್ನು ರಾತ್ರಿ ಕಳೆಯುವುದರೊಳಗೆ ಆಮ್ಲವಾಗಿ ಮಾರ್ಪಡಿಸುತ್ತಿದ್ದವು. ಆಮ್ಲವು ಹಾಲಿನ ಪ್ರೋಟೀನನ್ನು ಗಟ್ಟಿಗೊಳಿಸುವುದಲ್ಲದೆ ಕೊಳೆಯಿಸುವ ಹಲವು ಜೀವಿಗಳ ಬೆಳವಣಿಗೆಯನ್ನೂ ತಡೆಯುತ್ತಿತ್ತು. ಬೆಕ್ಕಿಗೂ ಇರುವೆಗೂ ನಿಲುಕದಂತೆ ಮೊಸರ ಗಡಿಗೆಯನ್ನು ತೊಲೆಗೆ ಕಟ್ಟಿದ ನೆಲವಿನಲ್ಲಿ ತೂಗುಹಾಕಿ, ಮರುದಿನ ತಂಪು ಹೊತ್ತಿನಲ್ಲಿ ಇಳಿಸಿ, ಕಂಬಕ್ಕೆ ಆತುಕೊಂಡ ಕಡೆಗೋಲಿಗೆ ಹಗ್ಗ ಸುತ್ತಿ ಎರಡು ಕೈಗಳಿಂದ ಎಳೆದೆಳೆದು ಕಡೆಯುವುದು ಹೆಂಗಸರ ಬೆಳಗಿನ ಕೆಲಸವಾಗಿತ್ತು.

ಕಡೆಯುವ ಹೊತ್ತು ಬೆಳಗಿನದೇ ಆಗಿರುವುದಕ್ಕೂ ಕಾರಣವಿದೆ. ಬಿಸಿ ಹೆಚ್ಚಾದರೆ ಕೊಬ್ಬು ಕರಗಿ ಚದುರುತ್ತದೆ, ಚಳಿ ಹೆಚ್ಚಾದರೆ ಹನಿಗಳು ಒಂದಕ್ಕೊಂದು ಅಂಟುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ತಣ್ಣೀರನ್ನೂ ಚಳಿಗಾಲದಲ್ಲಿ ಬಿಸಿನೀರನ್ನೂ ಸೇರಿಸಿ ಹದ ತರಬೇಕಾಗುತ್ತಿತ್ತು. ಕಡೆಗೋಲಿನ ಹೊಡೆತಕ್ಕೆ ಕೊಬ್ಬಿನ ಹನಿಗಳ ಸುತ್ತಣ ತೆಳುಪೊರೆ ಹರಿದು ಕೊಬ್ಬು ಬೆಣ್ಣೆಯಾಗಿ ಮೇಲೇಳುತ್ತದೆ, ಹರಿದ ಪೊರೆಯ ಬಹುಭಾಗ ಕೆಳಗಿನ ಮಜ್ಜಿಗೆಯಲ್ಲಿ ಉಳಿಯುತ್ತದೆ. ಫಾಸ್ಫೊಲಿಪಿಡ್ ಎಂಬ, ಜೀವಕೋಶಗಳ ಹೊರಪೊರೆಯನ್ನು ಕಟ್ಟುವ ಬಗೆಯ ಜಿಡ್ಡುಗಳು ಈ ಪೊರೆಯಲ್ಲಿರುವುದರಿಂದ ಕಡೆದ ಮಜ್ಜಿಗೆಯು ಮೊಸರಿಗೆ ಬರಿಯ ನೀರು ಕಲಸಿದ ಪಾನೀಯಕ್ಕಿಂತ ರಚನೆಯಲ್ಲಿಯೇ ಬೇರೆಯಾದದ್ದು. ಬೆಣ್ಣೆಯನ್ನು ಕೈಯಿಂದ ಒಟ್ಟುಗೂಡಿಸಿ ತೆಗೆದ ಮೇಲೆ ಉಪ್ಪು, ಇದ್ದರೆ ಜೀರಿಗೆ, ಇಂಗು, ಜಜ್ಜಿದ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಬೆರೆಸುವುದು ಮನೆಯ ಶಕ್ತಿಯನ್ನೂ ದಿನದ ವಿಶೇಷವನ್ನೂ ಅವಲಂಬಿಸಿತ್ತು. ನಿತ್ಯದ ಮಜ್ಜಿಗೆಗೆ ಉಪ್ಪೊಂದೇ ಸಾಕಾಗಿತ್ತು.

ಕೊಡುವ ವಸ್ತು, ಮಾರದ ವಸ್ತು

ಬೆಣ್ಣೆ ಮತ್ತು ಮಜ್ಜಿಗೆಗಳ ಹಾದಿ ಗಡಿಗೆಯ ಬಾಯಿಯಲ್ಲಿಯೇ ಕವಲೊಡೆಯುತ್ತಿತ್ತು. ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಎತ್ತಿನ ಗಾಡಿಯಲ್ಲಿ ದೂರದ ಪೇಟೆಗೂ ಹೋಗುತ್ತದೆ. ಮಜ್ಜಿಗೆಯಾದರೋ ಮರುದಿನಕ್ಕೆ ಹುಳಿಯಾಗುತ್ತದೆ, ಬಹುಪಾಲು ನೀರೇ ಆಗಿರುವುದರಿಂದ ಹೊತ್ತು ಸಾಗಿಸುವ ಶ್ರಮಕ್ಕೆ ತಕ್ಕ ಪ್ರತಿಫಲವಿಲ್ಲ. ರಾಜ್ಯಾಡಳಿತವೂ ಬೆಣ್ಣೆಯನ್ನು ಗಂಭೀರವಾಗಿ ಪರಿಗಣಿಸಿತ್ತು. ದಕ್ಷಿಣಕ್ಕಿರುವ ಮೈಸೂರು ರಾಜ್ಯದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1673ರಿಂದ 1704ರ ನಡುವೆ, ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳಿಗಾಗಿ ಬೆಣ್ಣೆ ಚಾವಡಿಯೆಂಬ ಇಲಾಖೆಯೇ ಏರ್ಪಟ್ಟಿತ್ತು. ಹೈದರಾಲಿಯು ಆ ದನಗಳನ್ನು ಫಿರಂಗಿ ಎಳೆಯಲು ಹೂಡಿದನು, ಟಿಪ್ಪು ಅದಕ್ಕೆ ಅಮೃತಮಹಲೆಂದು ಹೆಸರಿಟ್ಟನು. ಮಜ್ಜಿಗೆಗೆ ಅಂತಹ ಚಾವಡಿ ಎಂದೂ ಬೇಕಾಗಲಿಲ್ಲ.

ಈ ಕವಲಿನ ಪೌಷ್ಟಿಕ ಪರಿಣಾಮವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಸಹ್ಯಾದ್ರಿಯ ಗೌಳಿಗರನ್ನು ಅಧ್ಯಯನ ಮಾಡಿದ ಮಾಧವ ಗಾಡ್ಗೀಳ್ ಮತ್ತು ಕೈಲಾಸ ಮಲ್ಹೋತ್ರಾ. ಘಟ್ಟದ ನೆತ್ತಿಯಲ್ಲಿ ಎಮ್ಮೆಗಳನ್ನು ಸಾಕಿಕೊಂಡಿದ್ದ ಗೌಳಿ ಧನಗರರು ಹಾಲನ್ನು ಹೆಪ್ಪು ಹಾಕಿ, ಬೆಣ್ಣೆಯನ್ನು ಕೆಳಗಿನ ಕಣಿವೆಯ ಕುಣಬಿ ರೈತರಿಗೆ ಕೊಟ್ಟು ಧಾನ್ಯ ತರುತ್ತಿದ್ದರು, ಮಜ್ಜಿಗೆಯನ್ನು ಮನೆಯಲ್ಲೇ ಕುಡಿಯುತ್ತಿದ್ದರು; ಹೀಗಾಗಿ ಹಾಲಿನ ಕೊಬ್ಬು ವಿನಿಮಯಕ್ಕೆ ಹೋದರೂ ಅದರ ಪ್ರೋಟೀನು ಸಾಕಿದವರ ಹೊಟ್ಟೆಯಲ್ಲಿಯೇ ಉಳಿಯುತ್ತಿತ್ತೆಂದು ಇವರು 1982ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ವಿವರಿಸಿದರು. ಹಾನಗಲ್ಲಿಗೆ ತಾಗಿಕೊಂಡ ಮುಂಡಗೋಡ, ಅದರಾಚೆಯ ಯಲ್ಲಾಪುರಗಳ ಕಾಡಂಚಿನಲ್ಲಿ ಗೌಳಿಗರ ವಾಡೆಗಳು ಇಂದಿಗೂ ಇವೆ. ಹಂಸಭಾವಿಯ ಬಯಲಿನ ಒಕ್ಕಲು ಮನೆಗಳಲ್ಲಿ ಎಮ್ಮೆಗಳ ಸಂಖ್ಯೆ ಕಡಿಮೆಯಿದ್ದಿರಬಹುದಾದರೂ ಹಂಚಿಕೆಯ ನಿಯಮ ಅದೇ ಆಗಿತ್ತು, ಮತ್ತು ಬೆಣ್ಣೆ ಮಾರಿ ಬಂದ ಸಣ್ಣ ಹಣ ಬಹಳ ಮನೆಗಳಲ್ಲಿ ಹೆಂಗಸರ ಕೈಯಲ್ಲಿ ಓಡಾಡುವ ಏಕೈಕ ರೊಕ್ಕವಾಗಿತ್ತು.

ಮಜ್ಜಿಗೆಯನ್ನು ಮಾರುವುದು ಮನೆತನಕ್ಕೆ ಶೋಭೆಯಲ್ಲವೆಂಬ ಭಾವನೆ ಈ ವ್ಯವಸ್ಥೆಯಿಂದಲೇ ಹುಟ್ಟಿತು. ಹಯನವಿದ್ದ ಮನೆಯ ಬಾಗಿಲಿಗೆ ಬೆಳಗ್ಗೆ ಚರಿಗೆ ಹಿಡಿದು ಬಂದವರಿಗೆ ಮಜ್ಜಿಗೆ ಹಾಕದೆ ಕಳಿಸುತ್ತಿರಲಿಲ್ಲ. ‘ಮಜ್ಜಿಗೆಗೆ ಬಂದವಳಿಗೆ ಎಮ್ಮೆಯ ಕ್ರಯ ಯಾಕೆ’ ಎಂಬ ಗಾದೆ, ಕೇಳಿ ಪಡೆಯಲು ಬಂದವಳು ಮೀರಬಾರದ ಮಿತಿಯನ್ನು ನೆನಪಿಸುತ್ತಲೇ, ಹಾಗೆ ಕೇಳಿ ಬರುವುದು ದಿನನಿತ್ಯದ ಸಂಗತಿಯಾಗಿತ್ತೆಂಬುದನ್ನೂ ದಾಖಲಿಸುತ್ತದೆ. ಈ ದಾನಕ್ಕೆ ಕಹಿಯಾದ ಇನ್ನೊಂದು ಮುಖವೂ ಇತ್ತು. ಹೊಲದಲ್ಲಿ ದುಡಿದ ದಲಿತ ಆಳಿಗೆ ಅದೇ ಮಜ್ಜಿಗೆಯನ್ನು ಪಾತ್ರೆ ತಾಗದಂತೆ ಎತ್ತರದಿಂದ ಸುರಿಯಲಾಗುತ್ತಿತ್ತು, ಕೂಲಿಯ ಕೊರತೆಯನ್ನು ಮಜ್ಜಿಗೆಯ ಉಪಕಾರದಿಂದ ಮುಚ್ಚಲಾಗುತ್ತಿತ್ತು. ಬೆಲೆಯಿಲ್ಲದ ವಸ್ತು ಬಡವರನ್ನು ತಲುಪಿದ್ದು ನಿಜ, ಅದರೊಂದಿಗೆ ಋಣವೂ ಜಾತಿಯ ಅಂತರವೂ ತಲುಪಿದವು.

ಊಟದಲ್ಲಿ ಮಜ್ಜಿಗೆಯ ಪಾತ್ರ ಕುಡಿಯುವುದಕ್ಕೆ ಸೀಮಿತವಾಗಿರಲಿಲ್ಲ. ಜೋಳವನ್ನು ಒಡೆದು ಬೇಯಿಸಿದ ನುಚ್ಚಿಗೆ ಮಜ್ಜಿಗೆ ಕಲಸಿದರೆ ಅದೇ ಒಂದು ಹೊತ್ತಿನ ಊಟವಾಗುತ್ತಿತ್ತು. ಹಿಟ್ಟನ್ನು ಕುದಿಸಿ ಆರಿಸಿದ ಅಂಬಲಿಗೂ ಮಜ್ಜಿಗೆಯೇ ಜೊತೆ. ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಒಂದು ಘಟಕ, ಹಾಲಿನ ಪ್ರೋಟೀನಿನಲ್ಲಿ ಚೆನ್ನಾಗಿರುವುದರಿಂದ ಈ ಜೋಡಿಯು ಪೌಷ್ಟಿಕವಾಗಿಯೂ ಹೊಂದಿಕೆಯದು. ಹತ್ತಿರದ ಬ್ಯಾಡಗಿಯ ಹೆಸರಿನಿಂದ ಪ್ರಸಿದ್ಧವಾದ ಮೆಣಸಿನಕಾಯಿಯ ನಾಡಿನಲ್ಲಿ, ಹಸಿಮೆಣಸಿನಕಾಯಿಯನ್ನು ಸೀಳಿ ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ನೆನೆಹಾಕಿ, ಬಿಸಿಲಿಗೆ ಒಣಗಿಸಿ ಮಾಡುವ ಬಾಳಕವು ಹೆಚ್ಚು ಹುಳಿಯಾದ ಮಜ್ಜಿಗೆಯನ್ನೂ ಚೆಲ್ಲದೆ ಮಳೆಗಾಲದವರೆಗೆ ಉಳಿಸಿಕೊಳ್ಳುವ ಉಪಾಯವಾಗಿತ್ತು.

ಉಪ್ಪಿನ ದಾರಿ

ಈ ಪಾನೀಯದಲ್ಲಿ ಮನೆಯಲ್ಲಿ ಹುಟ್ಟದ, ಹಣ ಅಥವಾ ಧಾನ್ಯ ಕೊಟ್ಟು ತರಬೇಕಾಗಿದ್ದ ವಸ್ತು ಉಪ್ಪು. ಘಟ್ಟದ ಕೆಳಗಿನ ಗೋಕರ್ಣದ ಬಳಿಯ ಸಾಣಿಕಟ್ಟಾದಂತಹ ಆಗರಗಳ ಉಪ್ಪು ಘಟ್ಟ ಹತ್ತಿ ಬರುತ್ತಿತ್ತು. ಗಾಡಿದಾರಿಗಳಾಗುವ ಮೊದಲು ಈ ಸಾಗಾಟವನ್ನು ಲಂಬಾಣಿಗರು ಹೇರೆತ್ತುಗಳ ಮೇಲೆ ನಡೆಸುತ್ತಿದ್ದರು, ಮೇಲಿನಿಂದ ಧಾನ್ಯ ಇಳಿಸಿ ಕೆಳಗಿನಿಂದ ಉಪ್ಪು ಏರಿಸುತ್ತಿದ್ದರು. ಬ್ರಿಟಿಷರ ಆಡಳಿತದಲ್ಲಿ ಉಪ್ಪಿನ ತಯಾರಿಕೆ ಸರಕಾರದ ಹತೋಟಿಗೆ ಒಳಪಟ್ಟು, ಅದರ ಮೇಲಿನ ತೆರಿಗೆ 1930ರ ವೇಳೆಗೆ ಮಣಕ್ಕೆ ಒಂದು ರೂಪಾಯಿ ನಾಲ್ಕಾಣೆಯಷ್ಟಿತ್ತು. ಬಡವನು ಶ್ರೀಮಂತನಿಗಿಂತ ಹೆಚ್ಚು ಉಪ್ಪು ತಿನ್ನಬೇಕಾಗಿರುವುದರಿಂದ ಈ ತೆರಿಗೆ ಅವನಿಗೇ ಹೆಚ್ಚು ಭಾರವೆಂದು ಗಾಂಧೀಜಿ ಆ ವರ್ಷದ ಮಾರ್ಚ್‌ನಲ್ಲಿ ವೈಸರಾಯ್ ಇರ್ವಿನ್‌ಗೆ ಬರೆದ ಪತ್ರದಲ್ಲಿ ವಾದಿಸಿದರು. ಬಿಸಿಲಿನಲ್ಲಿ ದುಡಿಯುವವನ ಬೆವರಿನೊಂದಿಗೆ ಸೋಡಿಯಂ ಹೊರಹೋಗುತ್ತದೆ, ಬರಿಯ ನೀರು ಕುಡಿದರೆ ಅದು ಮರಳಿ ಬರುವುದಿಲ್ಲ ಎಂಬುದೇ ಆ ವಾದದ ಹಿಂದಿದ್ದ ಶರೀರಧರ್ಮ.

ಹಾವೇರಿಯ ನೆಲಕ್ಕೆ ಈ ಪ್ರಕರಣ ದೂರದ್ದಲ್ಲ. ಬ್ಯಾಡಗಿಯ ಹತ್ತಿರದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹದಿಹರೆಯದಲ್ಲಿಯೇ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದು, ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಹುತಾತ್ಮರಾದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹ 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಆರಂಭವಾಯಿತು. ಉಪ್ಪಿನ ಪ್ರಶ್ನೆ ಹಳ್ಳಿಗಳಿಗೆ ಬೇಗನೆ ಮುಟ್ಟಿದ್ದಕ್ಕೆ ಅದು ರೊಟ್ಟಿ, ಅಂಬಲಿ, ಮಜ್ಜಿಗೆಗಳ ಪ್ರಶ್ನೆಯೂ ಆಗಿದ್ದುದೇ ಕಾರಣ.

ಪ್ರಯೋಗಾಲಯದ ಲೆಕ್ಕ

ಹುಳಿಹಾಲಿನ ಆರೋಗ್ಯಗುಣಕ್ಕೆ ಆಧುನಿಕ ವಿಜ್ಞಾನದ ಮುದ್ರೆ ಬಿದ್ದದ್ದು ಯುರೋಪಿನಲ್ಲಿ. ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೋವ್ 1905ರಲ್ಲಿ ಆ ದೇಶದ ಮೊಸರಿನಿಂದ ಒಂದು ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದರು. ಪ್ಯಾರಿಸಿನ ಇಲ್ಯಾ ಮೆಚ್ನಿಕಾಫ್ ಹುಳಿಹಾಲಿನ ಬ್ಯಾಕ್ಟೀರಿಯಾಗಳು ಕರುಳಿನ ಕೊಳೆತವನ್ನು ತಡೆದು ಆಯುಷ್ಯವನ್ನು ಹೆಚ್ಚಿಸುತ್ತವೆಂಬ ವಾದವನ್ನು 1907ರ ಗ್ರಂಥದಲ್ಲಿ ಮಂಡಿಸಿದರು. ಆ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ಸ್ಥಿರವಾಗಿ ನೆಲೆಸುವುದಿಲ್ಲವೆಂದು ಅನಂತರ ಗೊತ್ತಾದುದರಿಂದ ದೀರ್ಘಾಯುಷ್ಯದ ಮಾತು ಬಿದ್ದುಹೋಯಿತು. ಆದರೆ ಹೆಚ್ಚು ದೃಢವಾದ ಒಂದು ಸಂಗತಿ ಉಳಿಯಿತು: ಹುದುಗುವಿಕೆಯಲ್ಲಿ ಲ್ಯಾಕ್ಟೋಸಿನ ಒಂದು ಪಾಲು ಮೊದಲೇ ಖರ್ಚಾಗಿರುವುದರಿಂದಲೂ ಜೀವಂತ ಬ್ಯಾಕ್ಟೀರಿಯಾಗಳ ಕಿಣ್ವವು ಉಳಿದದ್ದನ್ನು ಕರುಳಿನಲ್ಲಿ ಒಡೆಯಲು ನೆರವಾಗುವುದರಿಂದಲೂ, ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ. ವಯಸ್ಕರಲ್ಲಿ ಲ್ಯಾಕ್ಟೋಸನ್ನು ಜೀರ್ಣಿಸುವ ಶಕ್ತಿ ಕುಂದುವುದು ಸಾಮಾನ್ಯವಾಗಿರುವ ದಕ್ಷಿಣ ಭಾರತದಲ್ಲಿ ಇದು ಸಣ್ಣ ಪ್ರಯೋಜನವಲ್ಲ.

ಪೋಷಕಾಂಶದ ಲೆಕ್ಕದಲ್ಲಿ ಮಜ್ಜಿಗೆಯನ್ನು ಅತಿಯಾಗಿ ಹೊಗಳುವುದಕ್ಕೆ ಅವಕಾಶವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಪ್ರಕಟಿಸಿದ, ಸಿ. ಗೋಪಾಲನ್ ಮತ್ತು ಸಹೋದ್ಯೋಗಿಗಳ ಕೋಷ್ಟಕಗಳ ಪ್ರಕಾರ 100 ಗ್ರಾಂ ಹಸುವಿನ ಹಾಲಿನ ಮೊಸರಿನಲ್ಲಿ 3.1 ಗ್ರಾಂ ಪ್ರೋಟೀನು, 149 ಮಿಲಿಗ್ರಾಂ ಸುಣ್ಣಾಂಶ, 60 ಕಿಲೊಕ್ಯಾಲೊರಿ ಇದ್ದರೆ, ಅಷ್ಟೇ ಮಜ್ಜಿಗೆಯಲ್ಲಿ 97.5 ಗ್ರಾಂ ನೀರೇ ಇದ್ದು, ಪ್ರೋಟೀನು 0.8 ಗ್ರಾಂ, ಸುಣ್ಣಾಂಶ 30 ಮಿಲಿಗ್ರಾಂ, ಶಕ್ತಿ 15 ಕಿಲೊಕ್ಯಾಲೊರಿ ಮಾತ್ರ. ಒಂದು ಲೋಟ ಮಜ್ಜಿಗೆ ಎಲುಬನ್ನು ಗಟ್ಟಿಮಾಡುತ್ತದೆಂಬ ಮಾತು ಈ ಅಂಕಿಗಳೆದುರು ನಿಲ್ಲದು. ದಿನಕ್ಕೆ ಒಂದು ಲೀಟರಿನಷ್ಟು, ಊಟದಲ್ಲಿ ಕಲಸಿಯೂ ಹೊಲದಲ್ಲಿ ಕುಡಿದೂ, ಒಳಹೋದರೆ ಆಗ 8 ಗ್ರಾಂ ಪ್ರೋಟೀನೂ 300 ಮಿಲಿಗ್ರಾಂ ಸುಣ್ಣಾಂಶವೂ ಸೇರುತ್ತವೆ. ಮಜ್ಜಿಗೆಯ ಪೌಷ್ಟಿಕತೆಯು ಅದರ ಸಾಂದ್ರತೆಯಲ್ಲಿರದೆ ಅದು ದಿನವೂ ಧಾರಾಳವಾಗಿ ಸಿಗುತ್ತಿದ್ದುದರಲ್ಲಿತ್ತು.

ಉಪ್ಪು ಮತ್ತು ನೀರಿನ ವಿಷಯದಲ್ಲಿ ವಿಜ್ಞಾನದ ಬೆಂಬಲ ಇನ್ನೂ ಸ್ಪಷ್ಟವಾಗಿದೆ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸು ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಹೋಗುತ್ತವೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ ಎಂಬ ತಿಳಿವಳಿಕೆಯೇ ಅತಿಸಾರಕ್ಕೆ ಕೊಡುವ ಜೀವಜಲ, ಅಂದರೆ ಓಆರ್‌ಎಸ್ ದ್ರಾವಣದ, ಆಧಾರ. ಅತಿಸಾರದ ಆರಂಭದಲ್ಲಿ ನಿರ್ಜಲೀಕರಣವನ್ನು ತಡೆಯಲು ಮನೆಯಲ್ಲೇ ಕೊಡಬಹುದಾದ ದ್ರವಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಉಪ್ಪು ಹಾಕಿದ ಅಕ್ಕಿಯ ಗಂಜಿನೀರಿನ ಜೊತೆಗೆ ಉಪ್ಪು ಹಾಕಿದ ಮೊಸರಿನ ಪಾನೀಯವನ್ನೂ ಸೇರಿಸಿದೆ. ಲೀಟರಿಗೆ ಸುಮಾರು 3 ಗ್ರಾಂ ಉಪ್ಪು ಅದಕ್ಕೆ ತಕ್ಕ ಪ್ರಮಾಣ. ನಿರ್ಜಲೀಕರಣ ಕಾಣಿಸಿಕೊಂಡ ಮೇಲೆ ಮಜ್ಜಿಗೆಯು ಜೀವಜಲದ ಬದಲಿಯಾಗಲಾರದು. ವಯಸ್ಕರಿಗೆ ದಿನವೊಂದಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ಅದೇ ಸಂಸ್ಥೆ ಹೇಳುವುದರಿಂದ, ಲೀಟರು ಮಜ್ಜಿಗೆಯಲ್ಲಿಯೇ ಅದರ ಐದರಲ್ಲಿ ಮೂರು ಪಾಲು ಮುಗಿದುಹೋಗುತ್ತದೆ. ಬೆವರು ಸುರಿಸದೆ ಕುಳಿತು ಕೆಲಸ ಮಾಡುವವರಿಗೂ ರಕ್ತದ ಒತ್ತಡವುಳ್ಳವರಿಗೂ ಹೊಲದವರ ಅಳತೆ ಒಪ್ಪುವುದಿಲ್ಲ.

ನೀರಿನ ಶುದ್ಧಿಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಕಾಸಿದ ಹಾಲಿಗೆ ಕಾಸದ ನೀರು ಸೇರುತ್ತಿತ್ತು, ಆ ನೀರು ಕೆರೆಯಿಂದಲೋ ಮೆಟ್ಟಿಲ ಬಾವಿಯಿಂದಲೋ ಬರುತ್ತಿತ್ತು. ಇಂತಹ ನೀರಿನಲ್ಲಿರುವ ಸೂಕ್ಷ್ಮ ಜಲಕೀಟಗಳ ಮೂಲಕ ಹರಡುವ ನಾರುಹುಣ್ಣು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ಕರ್ನಾಟಕವನ್ನು ಕಾಡುತ್ತಿದ್ದು, ಭಾರತವು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಪ್ರಮಾಣೀಕರಿಸಿತು. ಮಜ್ಜಿಗೆಯ ಹುಳಿ ಹಲವು ಸೂಕ್ಷ್ಮಜೀವಿಗಳನ್ನು ಹತ್ತಿಕ್ಕಿದರೂ, ನೀರು ಹೆಚ್ಚಾದಷ್ಟು ಹುಳಿ ತೆಳುವಾಗಿ ಆ ರಕ್ಷಣೆಯೂ ತೆಳುವಾಗುತ್ತಿತ್ತು.

ಡೇರಿ ಮತ್ತು ಪಾಕೀಟು

ಈ ವ್ಯವಸ್ಥೆಯನ್ನು ಬದಲಿಸಿದ್ದು ಸಹಕಾರಿ ಡೇರಿ. 1970ರಲ್ಲಿ ರಾಷ್ಟ್ರಮಟ್ಟದಲ್ಲಿ ತೊಡಗಿದ ‘ಆಪರೇಷನ್ ಫ್ಲಡ್’ ಯೋಜನೆಯ ಬೆನ್ನಿಗೆ ರಾಜ್ಯದಲ್ಲಿ 1974ರಲ್ಲಿ ಡೇರಿ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಅದರ ಕೆಲಸವನ್ನು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ವಹಿಸಿಕೊಂಡು, ‘ನಂದಿನಿ’ ಹೆಸರಿನ ಮಾರಾಟ ಬೆಳೆಯಿತು. ಹಾವೇರಿ ಭಾಗದ ಹಾಲು ಬಹುಕಾಲ ಧಾರವಾಡ ಒಕ್ಕೂಟಕ್ಕೆ ಹೋಗುತ್ತಿದ್ದು, ಇತ್ತೀಚೆಗೆ ಹಾವೇರಿಗೇ ಪ್ರತ್ಯೇಕ ಒಕ್ಕೂಟವಾಗಿದೆ. ದಿನಕ್ಕೆರಡು ಬಾರಿ ಊರಿನ ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕಿ ಬ್ಯಾಂಕ್ ಖಾತೆಗೆ ಹಣ ಪಡೆಯುವ ಅವಕಾಶ ರೈತ ಮನೆಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ತಂದ ಆರ್ಥಿಕ ಬಲ ದೊಡ್ಡದು. ಬೆಳಗಿನ ಕಡೆಯುವ ಶ್ರಮವೂ ಅದರಿಂದ ತಪ್ಪಿತು.

ಆದರೆ ಒಂದು ಸೂಕ್ಷ್ಮ ಬದಲಾವಣೆ ಗಮನಾರ್ಹವಾಗಿದೆ. ಹಳೆಯ ಪೇಟೆ ಹಾಲಿನ ಕೊಬ್ಬನ್ನು ಮಾತ್ರ ಕೊಳ್ಳುತ್ತಿತ್ತು. ಡೇರಿಯು ಜಿಡ್ಡಿನಂಶದ ಜೊತೆಗೆ ಜಿಡ್ಡೇತರ ಘನಾಂಶವನ್ನೂ, ಅಂದರೆ ಪ್ರೋಟೀನು, ಲ್ಯಾಕ್ಟೋಸು, ಸುಣ್ಣ ಮೊದಲಾದ ಖನಿಜಗಳನ್ನು, ಅಳೆದು ದರ ಕಟ್ಟುತ್ತದೆ. ಹಿಂದೆ ಮಜ್ಜಿಗೆಯಾಗಿ ಮನೆಯಲ್ಲಿ ಉಳಿಯುತ್ತಿದ್ದ, ನೆರೆಯವರಿಗೆ ಪುಕ್ಕಟೆಯಾಗಿ ಸಲ್ಲುತ್ತಿದ್ದ ಪಾಲು ಇದೇ ಜಿಡ್ಡೇತರ ಘನಾಂಶ. ಅದಕ್ಕೆ ಬೆಲೆ ಬಂದ ದಿನದಿಂದ ಚರಿಗೆ ಹಿಡಿದು ಬಂದವರಿಗೆ ಹಾಕಲು ಹಯನದ ಮನೆಯಲ್ಲಿಯೂ ಏನೂ ಉಳಿಯದಂತಾಯಿತು. ಇದೇ ಅವಧಿಯಲ್ಲಿ ಜೋಳದ ಹೊಲಗಳನ್ನು ಗೋವಿನಜೋಳ ಆಕ್ರಮಿಸಿದ್ದರಿಂದ ಮಜ್ಜಿಗೆಯ ಸಂಗಾತಿಯಾಗಿದ್ದ ನುಚ್ಚೂ ಅಂಬಲಿಯೂ ನಿತ್ಯದ ಊಟದಿಂದ ಹಿಂದೆ ಸರಿದವು, ಹೊಲದ ಮೇವೂ ಕಡಿಮೆಯಾಯಿತು.

ಪಾಕೀಟಿನ ಮಸಾಲೆ ಮಜ್ಜಿಗೆ ಈ ತೆರವನ್ನು ಒಂದು ಬಗೆಯಲ್ಲಿ ತುಂಬಿದೆ. ಸಾಮಾನ್ಯವಾಗಿ ಕೊಬ್ಬು ಕಡಿಮೆ ಮಾಡಿದ ಹಾಲನ್ನು ಪಾಶ್ಚರೀಕರಿಸಿ, ಹೆಪ್ಪುಗಟ್ಟಿಸಿ, ಶುದ್ಧ ನೀರು, ಉಪ್ಪು, ಮಸಾಲೆ ಬೆರೆಸಿ ಮಾಡುವ ಈ ಪಾನೀಯದಲ್ಲಿ ಕಡೆಗೋಲಿಗೆ ಕೆಲಸವಿಲ್ಲ. ನೀರಿನ ಶುದ್ಧಿಯ ದೃಷ್ಟಿಯಿಂದ ಅದು ಹಳೆಯದಕ್ಕಿಂತ ಮೇಲು, ಉಪ್ಪಿನ ಅಳತೆ ಕುಡಿಯುವವರ ಕೈಯಲ್ಲಿಲ್ಲ ಎಂಬುದು ಅದರ ಮಿತಿ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಹೆಸರಚ್ಚು ಹಾಕಿದ ಮೊಸರು ಮಜ್ಜಿಗೆಗಳ ಮೇಲೆ ಶೇಕಡ 5ರ ಸರಕು ಮತ್ತು ಸೇವಾ ತೆರಿಗೆ ಬಿದ್ದಾಗ, ಮಾರುವುದೇ ಸಲ್ಲದೆನಿಸಿದ್ದ ವಸ್ತುವೊಂದು ತೆರಿಗೆಯ ಪಟ್ಟಿಯನ್ನೂ ಸೇರಿದಂತಾಯಿತು.

ಹೀಗೆ ನೋಡಿದಾಗ ಕೋಡ ಸೀಮೆಯಲ್ಲಿ ಉಪ್ಪುಮಜ್ಜಿಗೆಯು ಆರೋಗ್ಯಕ್ಕೆ ಸಲ್ಲಿಸಿದ ಸೇವೆಗೆ ಕಾಸಿದ ಹಾಲು, ರಾತ್ರಿಯ ಹುದುಗು, ಕಡೆದು ತೆಗೆದ ಕೊಬ್ಬು, ಬೆವರಿಗೆ ತಕ್ಕ ಉಪ್ಪು ಎಷ್ಟು ಕಾರಣವೋ, ಶೇಷಕ್ಕೆ ಬೆಲೆ ಕಟ್ಟದ ಗ್ರಾಮ ವ್ಯವಸ್ಥೆಯೂ ಅಷ್ಟೇ ಕಾರಣ. ಆ ವ್ಯವಸ್ಥೆಯ ಜಾತಿಯ ಕಟ್ಟು ಮರಳಿ ಬರಬೇಕೆಂದು ಯಾರೂ ಬಯಸಲಾರರು, ಡೇರಿಯ ಹಣವನ್ನು ಬಿಟ್ಟುಕೊಡಿರೆಂದು ರೈತ ಮಹಿಳೆಯರಿಗೆ ಹೇಳುವುದೂ ನ್ಯಾಯವಲ್ಲ. ಹಾಲು ಮಾರುವ ಮನೆಯ ಮಕ್ಕಳಿಗೂ ಹಯನವಿಲ್ಲದ ಕೂಲಿಯ ಮನೆಗಳಿಗೂ ಹಿಂದೆ ಮಜ್ಜಿಗೆಯ ರೂಪದಲ್ಲಿ ಸಿಗುತ್ತಿದ್ದ ಪ್ರೋಟೀನು, ಸುಣ್ಣಾಂಶಗಳು ಈಗ ಯಾವ ದಾರಿಯಿಂದ ಸಿಗಬೇಕು ಎಂಬುದು ಮಾತ್ರ ಉತ್ತರ ಬೇಡುವ ಪ್ರಶ್ನೆ. 2013ರ ಆಗಸ್ಟ್ 1ರಂದು ಶಾಲಾಮಕ್ಕಳಿಗೆ ಹಾಲು ಕೊಡಲು ತೊಡಗಿದ ಕ್ಷೀರಭಾಗ್ಯವು ಅದಕ್ಕೆ ಸರಕಾರ ಕೊಟ್ಟ ಒಂದು ಉತ್ತರ. ಶಾಲೆಯ ವಯಸ್ಸು ದಾಟಿದವರ, ಬಿಸಿಲಿನಲ್ಲಿ ದುಡಿಯುವವರ ಪಾಲಿಗೆ ಅಂತಹ ಉತ್ತರ ಇನ್ನೂ ರೂಪುಗೊಳ್ಳಬೇಕಾಗಿದೆ.